ಈ ವರ್ಷದ ಉಪ್ಪಾಗೆ ಚೌತಿ ಕಳೆದ ಮೇಲೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಜುಲೈ ಕೊನೆಗೆಲ್ಲ ನಿಮ್ಮ ಕೈಸೇರುತ್ತಿದ್ದ, ಅಡುಗೆಗೆ ಹುಳಿ ಕೊಡುವ ಕಾಡುಹಣ್ಣು ಉಪ್ಪಾಗೆಯ ಒಣ ಸಿಪ್ಪೆ ಈ ವರ್ಷದಿಂದ ಗಣೇಶ ಚೌತಿ ಕಳೆದ ಮೇಲೆ ಬರುತ್ತದೆ. ಮಾಲು ಕಡಿಮೆ, ದರ ಹೆಚ್ಚು. ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವಂತೂ ಹಿಂದಿನ ಅರ್ಧದಷ್ಟೇ ಸಿಗಬಹುದು. ಕೊಯ್ಯುವ ಕುಟುಂಬದವರನ್ನೂ ಕೂರಿಸಿಕೊಂಡು ಸಂಘದ ಸಭೆಯಲ್ಲಿ ಮಾಡಿದ ತೀರ್ಮಾನವಿದು. ಹೆಚ್ಚು ದುಡ್ಡು ಕೊಡುವವರು ನೀವು, ಕಾರಣವೂ ನಿಮಗೆ ಗೊತ್ತಿರಬೇಕು.

ಉಪ್ಪಾಗೆ ಮಳೆಗಾಲದಲ್ಲಿ ಹಣ್ಣಾಗುತ್ತದೆ. ಹಳದಿ ತಿರುಗಿದ ಹಣ್ಣು ತಾನಾಗಿಯೇ ಉದುರುತ್ತದೆ, ಕಾಯುವ ತಾಳ್ಮೆ ಬೇಕಷ್ಟೆ. ಆದರೆ ಕಾಡಿನ ಮರಕ್ಕೆ ಒಡೆಯರಿಲ್ಲ. ಇವತ್ತು ನಾವು ಬಿಟ್ಟರೆ ನಾಳೆ ಇನ್ನೊಬ್ಬರು ಕೊಯ್ದಾರು ಎಂಬ ಹೆದರಿಕೆಯಲ್ಲಿ ಮೊದಲ ಮಳೆಗೇ ಹಸಿರು ಕಾಯಿ ನೆಲಕ್ಕಿಳಿಯುತ್ತದೆ, ಕೆಲವೊಮ್ಮೆ ಟೊಂಗೆ ಸಮೇತ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು 1990ರ ದಶಕದಲ್ಲಿ ವಿದೇಶದಿಂದ ಬೇಡಿಕೆ ಬಂದಾಗ ಈ ಪೈಪೋಟಿ ವಿಪರೀತವಾಯಿತು. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವೈದ್ಯಕೀಯ ಪ್ರಯೋಗವೊಂದರಲ್ಲಿ ಅಂಥ ಪರಿಣಾಮವೇನೂ ಕಾಣಲಿಲ್ಲ. ನಾವಂತೂ ಇದನ್ನು ಅಡುಗೆಯ ಹುಳಿ ಎಂದೇ ಮಾರುತ್ತೇವೆ.

ಮಾಗಿದ ಹಣ್ಣೊಂದನ್ನು ಒಡೆದು ನೋಡಿ. ಪುಟ್ಟ ಕುಂಬಳಕಾಯಿಯಂತೆ ಮೇಲಿಂದ ಕೆಳಗೆ ಗೆರೆ ಬಿದ್ದ ಸಿಪ್ಪೆ, ಒಳಗೆ ರಸದ ತಿರುಳು ಸುತ್ತಿಕೊಂಡ ಆರೆಂಟು ಬೀಜ. ಆ ತಿರುಳಿನ ಆಸೆಗೆ ಬರುವ ಸಿಂಗಳೀಕ, ಮಂಗಗಳಿಂದ ಬೀಜ ತಾಯಿಮರದ ನೆರಳು ದಾಟಿ ದೂರ ಹೋಗುತ್ತದೆ. ಸಿಂಗಳೀಕಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಅವುಗಳ ಮಳೆಗಾಲದ ಊಟವನ್ನೇ ನಾವು ಕಾಯಿಯಿರುವಾಗ ಕೊಯ್ದರೆ ಘೋಷಣೆಯಿಂದ ಏನು ಬಂತು? ಬಿದ್ದ ಬೀಜವೂ ಕೂಡಲೇ ಮೊಳೆಯುವುದಿಲ್ಲ, ತಿಂಗಳುಗಟ್ಟಲೆ ಮಣ್ಣಿನಲ್ಲಿ ಕೂರುತ್ತದೆ. ಅಷ್ಟರಲ್ಲಿ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕಾಲ ಬರುತ್ತದೆ, ಎಲೆಯ ಜೊತೆ ಬೀಜವೂ ಕೊಟ್ಟಿಗೆ ಸೇರುತ್ತದೆ. ಇಷ್ಟೆಲ್ಲ ದಾಟಿ ಸಸಿಯಾಗುವ ಬೀಜ ಎಷ್ಟಿದ್ದೀತು! 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿ ನಿಂತ ತಾಲ್ಲೂಕು ನಮ್ಮದು. ಇದ್ದ ಮರ ಕಡಿಯದೆ ಬಿಟ್ಟರೆ ಮಾತ್ರ ಸಾಲದು, ಅದರ ಕೆಳಗೆ ಮರಿ ಏಳಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಹಾಗಾಗಿ ಗ್ರಾಮ ಅರಣ್ಯ ಸಮಿತಿಯವರೊಟ್ಟಿಗೆ ಕೂತು ಯಾವ ಕುಟುಂಬಕ್ಕೆ ಕಾಡಿನ ಯಾವ ಭಾಗ ಎಂದು ಹಂಚಿಕೊಂಡಿದ್ದೇವೆ. ನಿಗದಿಯಾದ ದಿನಕ್ಕಿಂತ ಮೊದಲು ಯಾರೂ ಕಾಯಿ ಕೊಯ್ಯುವ ದೋಟಿ ಎತ್ತುವಂತಿಲ್ಲ. ಹಸಿರು ಕಾಯಿ ತಂದರೆ ಸಂಘ ಕೊಳ್ಳುವುದಿಲ್ಲ. ಪ್ರತಿ ಮರದಲ್ಲೂ ಒಂದಿಷ್ಟು ಹಣ್ಣು ಬಿಡಬೇಕು, ಸುಲಿದ ಬೀಜದಲ್ಲಿ ಒಂದು ಪಾಲು ಬೆಟ್ಟಕ್ಕೆ ವಾಪಸ್ ಹೋಗಬೇಕು. ತುಪ್ಪ ಕಡಿಮೆಯಾಗುವುದು ಇದರಿಂದಲೇ.

ಕಾಯಿರಿ ಎಂದು ಹೇಳುವುದು ಸುಲಭ. ಜೂನ್ ಅಂದರೆ ಮಕ್ಕಳ ಶಾಲೆ ಶುರುವಾಗಿ ಪುಸ್ತಕ, ಕೊಡೆ, ಬಟ್ಟೆಗೆ ದುಡ್ಡು ಬೇಕಾಗುವ ತಿಂಗಳು. ಎಳೆಕಾಯಿ ಕೊಯ್ಯುವುದಕ್ಕೆ ದೊಡ್ಡ ಕಾರಣ ಅದೇ. ಈಗ ಮೇ ತಿಂಗಳಲ್ಲೇ ಸಂಘ ಮುಂಗಡ ಕೊಡುತ್ತದೆ. ನೀವು ಕೊಡುವ ಹೆಚ್ಚಿನ ದರದಲ್ಲಿ ಬಹುಪಾಲು ಹೋಗುವುದು ಅಲ್ಲಿಗೆ.

ಉಳಿದದ್ದು ಒಣಗಿಸುವುದಕ್ಕೆ. ಆ ಮಳೆಯಲ್ಲಿ ಬಿಸಿಲು ನಂಬುವಂತಿಲ್ಲ, ಮನೆಮನೆಯಲ್ಲೂ ತೆರೆದ ಒಲೆಗೆ ಕಾಡಿನ ಸೌದೆ ಉರಿಯುತ್ತಿತ್ತು. ಇನ್ನು ಊರಿಗೊಂದು ಮುಚ್ಚಿದ ಡ್ರೈಯರ್. ಸಿಪ್ಪೆ ಮೊದಲಿನಷ್ಟು ಕಪ್ಪಾಗಿರುವುದಿಲ್ಲ, ಹೊಗೆ ವಾಸನೆಯೂ ಕಡಿಮೆ. ಬಣ್ಣ ನೋಡಿ ಹಳೇ ಮಾಲೆಂದು ತಿಳಿಯಬೇಡಿ. ಮಾಗಿದ ಹಣ್ಣಿನ ಸಿಪ್ಪೆ ದಪ್ಪ, ಹುಳಿಗೆ ಕೊರತೆಯಿಲ್ಲ.

ಕಾರವಾರ, ಕುಮಟಾ ಕಡೆಯ ಖಾನಾವಳಿಯವರು ಮೀನು ಸಾರಿಗೆ ಬೇಕಾಗುವಷ್ಟನ್ನು ಜೂನ್ ಒಳಗೆ ತಿಳಿಸಿದರೆ ಮೊದಲು ನಿಮಗೇ ತೆಗೆದಿಡುತ್ತೇವೆ. ಹೊಸ ಮಾಲು ಬರುವವರೆಗೆ ಕಳೆದ ವರ್ಷದ ದಾಸ್ತಾನು ಹಳೆಯ ದರದಲ್ಲೇ ಸಿಗುತ್ತದೆ. ಮುರುಗಲು (ಕೋಕಂ), ಜೇನುತುಪ್ಪದ ದರದಲ್ಲಿ ಬದಲಾವಣೆಯಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಪರವಾಗಿ
ಶಿರಸಿ