ಯಂತ್ರ ಮಾರುವ ಮೊದಲು ಉದ್ರಿ ಪುಸ್ತಕ ತೆಗೆ

ಪ್ರೀತಿಯ ಗೆಳೆಯಾ,

ನಿನ್ನ ಸಂದೇಶ ತಲುಪಿತು. ‘ಶೆಡ್ಡಿಗೆ ಬೀಗ ಹಾಕಿದ್ದೇನೆ, ಅಡಿಕೆ ಹಾಳೆ ತಟ್ಟೆಯ ಯಂತ್ರಗಳಿಗೆ ಗಿರಾಕಿ ಇದ್ದರೆ ತಿಳಿಸು’ ಎಂದು ಎರಡೇ ಮಾತು. ಗಿರಾಕಿ ಇದ್ದಾನೆ. ಆದರೆ ಈಗಲೇ ತಿಳಿಸುವುದಿಲ್ಲ. ಮೊದಲು ಈ ಪತ್ರ ಓದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ‘ಆಯಿತು ಮಾರಾಯ, ನೋಡೋಣ’ ಎಂದು ಮಾತು ಹಾರಿಸುವವನು. ನಿನ್ನ ಹೆಸರು, ಊರು ತೆಗೆದು ಇದನ್ನು ಬೇರೆಯವರೂ ಓದುವ ಹಾಗೆ ಹಾಕುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಬಾಯಾರಿನವರೆಗೆ ಇದೇ ಅವಸ್ಥೆಯಲ್ಲಿರುವ ಕೆಲವರ ಲೆಕ್ಕಪುಸ್ತಕಗಳು ನನ್ನ ಮೇಜಿನ ಮೇಲೆ ಬಿದ್ದುಕೊಂಡಿವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವಷ್ಟು ತಾಳ್ಮೆ ನನಗಿಲ್ಲ.

ಸೋಲೇ ಗೆಲುವಿನ ಸೋಪಾನ ಎಂದು ನಿನಗೆ ಹೇಳಲು ಹೊರಟಿಲ್ಲ. ಉದ್ಯಮಶೀಲತಾ ಶಿಬಿರಗಳಲ್ಲಿ ಸಾವಿರ ಸಲ ಕೆಟ್ಟುಹೋಗಿ ಕೊನೆಗೆ ಉರಿದ ಬಲ್ಬಿನ ಕಥೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಕಥೆಯಲ್ಲಿ ತಿಂಗಳ ಐದನೆಯ ತಾರೀಕಿಗೆ ಕಟ್ಟಬೇಕಾದ ಕಂತು ಇರುವುದಿಲ್ಲ, ಸಂಬಳಕ್ಕೆ ಕಾದು ನಿಂತ ಹೆಂಗಸರು ಇರುವುದಿಲ್ಲ, ಮದುವೆ ಊಟದ ಪಂಕ್ತಿಯಲ್ಲಿ ಎದುರು ಕುಳಿತು ‘ನಿಮ್ಮ ಮೆಶಿನ್ ಈಗ ಓಡುತ್ತದಾ?’ ಎಂದು ಕೇಳುವ ದೂರದ ಮಾವ ಇರುವುದಿಲ್ಲ. ಗೆದ್ದ ಮೇಲೆ ಸೋಲಿನ ಕಥೆ ಹೇಳುವುದು ಸುಲಭ. ನೀನಿನ್ನೂ ನಡುವಿನಲ್ಲಿದ್ದೀಯ. ನಿನಗೆ ಬೇಕಾಗಿರುವುದು ಬೇರೆ: ಸೋತದ್ದು ಯಾವುದು ಎಂಬ ಸರಿಯಾದ ಉತ್ತರ. ಅದು ಸಿಗುವ ಮೊದಲು ಯಂತ್ರ ಮಾರುವುದೂ ತಪ್ಪು, ಹಠ ಹಿಡಿದು ಓಡಿಸುವುದೂ ತಪ್ಪು.

2019ರಲ್ಲಿ ನೀನು ಹಾಳೆ ತಟ್ಟೆಯ ಘಟಕ ಹಾಕಿದಾಗ ಲೆಕ್ಕಾಚಾರ ಸರಿಯಾಗಿಯೇ ಇತ್ತು. 2020ರ ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಬಂತು. ಸುತ್ತಲೂ ಅಡಿಕೆ ತೋಟ, ಹಾಳೆ ತೋಟದ ಬುಡದಲ್ಲೇ ಬಿದ್ದಿರುತ್ತದೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕಕ್ಕೆ ಹೋಗುವ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಸುರಿದರು. ಆಸ್ಪತ್ರೆಗೆ ಹೋಗುವವರನ್ನೇ ಮಂಗಳೂರಿಗೆ ಬಿಡದ ಕಾಲದಲ್ಲಿ ನಿನ್ನ ತಟ್ಟೆಯ ಕಟ್ಟುಗಳನ್ನು ಯಾರು ಬಿಟ್ಟಾರು? ಮದುವೆ ಇಲ್ಲ, ಉಪನಯನ ಇಲ್ಲ, ಜಾತ್ರೆ ಇಲ್ಲ. ಆಗ ನೀನು ನಿಲ್ಲಿಸಲಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕುಳಿತಿರುತ್ತದೆ, ಘಟಕ ಓಡುತ್ತಿದ್ದರೆ ಮಾತ್ರ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದು ನಿನಗೆ ಗೊತ್ತಿತ್ತು. ಹಲ್ಲು ಕಚ್ಚಿ ಹಿಡಿದೆ, ಜಮೆ ಮಾಡಿಸಿಕೊಂಡೆ. ನಿನ್ನ ಛಲದ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

2022ರ ಜುಲೈ 1ಕ್ಕೆ ನಿಷೇಧ ಇಡೀ ದೇಶಕ್ಕೆ ಬಂದಾಗ ನಿನ್ನ ಒಳ್ಳೆಯ ಕಾಲ ಶುರುವಾಯಿತು. ಹೊರದೇಶಕ್ಕೆ ಕಳುಹಿಸುವ ವ್ಯಾಪಾರಿಯೊಬ್ಬರು ಗಂಟು ಬಿದ್ದರು. ನಾವೆಲ್ಲ ನಿನ್ನ ತಟ್ಟೆ ಅಮೆರಿಕಕ್ಕೆ ಹೋಗುತ್ತದೆ ಎಂದು ಬೀಗಿದೆವು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯಲ್ಲಿರುವ, ದೇಹಕ್ಕೆ ಹಾನಿ ಮಾಡಬಲ್ಲ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂದು ಹೇಳಿ ಮಾರಾಟವನ್ನು ತಡೆಯಿತು. ಆ ವ್ಯಾಪಾರಿ ಫೋನ್ ಎತ್ತುವುದನ್ನು ಬಿಟ್ಟರು. ಅಂದಿನಿಂದ ನೀನು ಸಿಕ್ಕಿದವರಿಗೆಲ್ಲ ‘ಅಮೆರಿಕ ನನ್ನನ್ನು ಮುಳುಗಿಸಿತು’ ಎನ್ನುತ್ತಿದ್ದೀಯ.

ಇಲ್ಲಿಯೇ ನನ್ನ ತಕರಾರು. ಅಮೆರಿಕದ ಪೆಟ್ಟು ಸಣ್ಣದೇನಲ್ಲ. ಆದರೆ ನಿನ್ನ ಪುಸ್ತಕವನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಸಂಕಟ ಅಲ್ಲಿಂದ ಬಂದದ್ದಲ್ಲ.

ನಿನ್ನ ವರ್ಷ ಹೇಗೆ ಓಡುತ್ತಿತ್ತು, ನೆನಪು ಮಾಡಿಕೋ. ಹಾಳೆ ಬೀಳುವುದು ಬೇಸಗೆಯಲ್ಲಿ. ಮಳೆ ತಾಗಿತೋ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಆದ್ದರಿಂದ ಮಳೆಗಾಲಕ್ಕೂ ಬೇಕಾದಷ್ಟು ಹಾಳೆಯನ್ನು ಮೇ ಮುಗಿಯುವುದರೊಳಗೆ ಕೊಂಡು, ಒಣಗಿಸಿ, ಶೆಡ್ಡಿನ ಅಟ್ಟಕ್ಕೆ ಏರಿಸಬೇಕು. ಹಾಳೆ ಹೆಕ್ಕಿ ತಂದುಕೊಡುವವರು ಉದ್ರಿ ಕೊಡುವುದಿಲ್ಲ, ಕೊಡುವ ಸ್ಥಿತಿಯಲ್ಲೂ ಇಲ್ಲ. ಅಂಗಳದಲ್ಲೇ ಎಣಿಸಿ ಅಲ್ಲೇ ನಗದು. ಆಮೇಲೆ ನೆನೆಸುವುದು, ಉಜ್ಜಿ ತೊಳೆಯುವುದು, ನೀರು ಸೋರಲು ನಿಲ್ಲಿಸುವುದು, ಬಿಸಿ ಅಚ್ಚಿನಲ್ಲಿ ಒತ್ತುವುದು, ಅಂಚು ಕತ್ತರಿಸುವುದು, ಕಟ್ಟು ಕಟ್ಟುವುದು. ಕೂಲಿ ಶನಿವಾರಕ್ಕೆ ನಗದು, ವಿದ್ಯುತ್ ಬಿಲ್ಲು ನಗದು. ತಟ್ಟೆ ಹೋದದ್ದು ಮಾತ್ರ ಉದ್ರಿಗೆ. ಅಡುಗೆ ಗುತ್ತಿಗೆಯವರು ಮದುವೆ ಮನೆಯವರಿಂದ ಹಣ ಬಂದ ಮೇಲೆ ಎಂದರು. ಅಂಗಡಿಯವರು ಮುಂದಿನ ಲೋಡು ಬರಲಿ ಎಂದರು. ಆ ಹೊರದೇಶದ ವ್ಯಾಪಾರಿ ಕಂಟೇನರ್ ತಲುಪಲಿ ಎಂದರು. ಮೇ ತಿಂಗಳಲ್ಲಿ ಕೊಟ್ಟ ಹಣ ದೀಪಾವಳಿಗೂ ತಿರುಗಿ ಬರಲಿಲ್ಲ. ಆ ಅಂತರವನ್ನು ತುಂಬಿದ್ದು ಅತ್ತಿಗೆಯ ಬಳೆ ಮತ್ತು ಕರಿಮಣಿ ಸರ, ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟು.

ಗಿರಾಕಿಗಳು ಹೆಚ್ಚಿದ ಹಾಗೆ ನಿನ್ನ ಕೈ ಇನ್ನೂ ಬರಿದಾಯಿತು ಎಂಬುದನ್ನು ನೀನು ಗಮನಿಸಲಿಲ್ಲವೇ? ಹೆಚ್ಚು ಮಾರಿದಷ್ಟೂ ಹೆಚ್ಚು ಹಾಳೆ, ಹೆಚ್ಚು ಕೂಲಿ, ಹೆಚ್ಚು ಉದ್ರಿ. ಪುಸ್ತಕದಲ್ಲಿ ಲಾಭ ಇತ್ತು, ಪೆಟ್ಟಿಗೆಯಲ್ಲಿ ಇರಲಿಲ್ಲ. ಅಮೆರಿಕ ಬಾಗಿಲು ಹಾಕಿದ್ದು ಆಗಲೇ ಉಸಿರು ಕಟ್ಟಿದ್ದ ಘಟಕಕ್ಕೆ. ಅಂದರೆ ಸೋತದ್ದು ನಿನ್ನ ತಟ್ಟೆಯಲ್ಲ, ಕೆಲಸವೂ ಅಲ್ಲ. ನೀನು ಹಣ ಕೊಡುವ ದಿನಕ್ಕೂ ಪಡೆಯುವ ದಿನಕ್ಕೂ ನಡುವೆ ಇದ್ದ ಹೊಂಡ. ಯಂತ್ರ ಮಾರಿದರೆ ಆ ಹೊಂಡ ಮುಚ್ಚುವುದಿಲ್ಲ. ನಾಳೆ ನೀನು ತೆಂಗಿನೆಣ್ಣೆ ಗಾಣ ಹಾಕಿದರೂ, ಹಪ್ಪಳ ಮಾಡಿಸಿದರೂ ಅದೇ ಹೊಂಡ ಕಾದಿರುತ್ತದೆ.

ಇದೆಲ್ಲ ನಮ್ಮ ಕಡೆಗೆ ಹೊಸತಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲಕಚ್ಚಿದಾಗ ನಮ್ಮ ಅಜ್ಜಂದಿರು ತೋಟವನ್ನು ಬೈಯಬಹುದಿತ್ತು. ಕೆಲವರು ಬೈದಿರಲೂ ಸಾಕು. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಜೊತೆಗಾರರು ನೋಡಿದ್ದು ಮರವನ್ನಲ್ಲ, ಕೊಳ್ಳುವವನನ್ನು. 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು, ಬೆಳೆಗಾರರೇ ಕೊಳ್ಳುವವರಾದರು. ಕೋಕೊದ ಕಥೆಯೂ ಅಷ್ಟೇ. ಅಡಿಕೆಯ ನಡುವೆ ಹಾಕಿ ಎಂದು ಹೇಳಿ ಬೆಳೆಸಿದ ಮೇಲೆ, 1980ರ ಹೊತ್ತಿಗೆ ಬೇಡಿಕೆ ಕುಸಿಯಿತು. ಗಿಡ ಕಡಿದು ಹಾಕಿದವರೂ ಇದ್ದಾರೆ. ಕ್ಯಾಂಪ್ಕೋ ಕೋಕೊ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆಯವರಿಗೆ ಚಾಕೊಲೇಟ್ ಮಾಡಲು ಬರುತ್ತದೆಯೇ ಎಂದು ನಗುವುದು ಆಗ ಸುಲಭವಿತ್ತು. ಗಿಡ ಕಡಿದವರನ್ನು ನಾನು ಹೀಯಾಳಿಸುವುದಿಲ್ಲ, ಮನೆ ನಡೆಯಬೇಕಲ್ಲ. ಆದರೆ ಗಿಡದಲ್ಲಿ ದೋಷವಿರಲಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ಕೆಲಸದ ಮಾತು. ಉದ್ರಿ ಪುಸ್ತಕ ತೆಗೆ. ನಿನ್ನದು ಎರಡು ಬಗೆಯ ಉದ್ರಿ: ಬಿಲ್ಲು ಇರುವುದು, ಬಿಳಿ ಚೀಟಿಯಲ್ಲಿರುವುದು. ಹಾಳೆ ತಟ್ಟೆಗೆ ಜಿಎಸ್‌ಟಿ ಇಲ್ಲವಾದ್ದರಿಂದ ಕೊಳ್ಳುವವರು ಬಿಲ್ಲು ಕೇಳುವುದಿಲ್ಲ, ನೀನೂ ಕೊಡುವುದಿಲ್ಲ. ತೆರಿಗೆಯ ತಲೆನೋವು ತಪ್ಪಿತೆಂದು ಖುಷಿಪಟ್ಟದ್ದು ವಸೂಲಿಗೆ ಹೋಗುವಾಗ ಮುಳುವಾಗುತ್ತದೆ. 2006ರ ಸಣ್ಣ ಕೈಗಾರಿಕೆಗಳ ಕಾಯ್ದೆಯ ಪ್ರಕಾರ ನಿನ್ನಂಥ ತಯಾರಕನಿಗೆ ಕೊಳ್ಳುವವನು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಬ್ಯಾಂಕಿನವರು ಒತ್ತಾಯಿಸಿ ಮಾಡಿಸಿದ ಉದ್ಯಮ್ ನೋಂದಣಿ ನಿನ್ನ ಬಳಿ ಇದೆ. ದೂರು ಕೊಡಲು ಸರಕಾರದ ಜಾಲತಾಣವಿದೆ. ಆದರೆ ಅಲ್ಲಿ ಕೇಳುವುದು ಬಿಲ್ಲು, ಸರಕು ತಲುಪಿದ್ದಕ್ಕೆ ಪುರಾವೆ. ಬಿಳಿ ಚೀಟಿಯವರ ಬಳಿಗೆ ನೀನೇ ಹೋಗಬೇಕು. ಜಗಳ ಬೇಡ. ಬಾಕಿ ಇಷ್ಟು ಎಂದು ಬರೆದು ಸಹಿ ಮಾಡಿಸಿಕೊಂಡು ಬಾ. ಸರಕಿನ ಬಾಕಿಗೆ ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿ. ಅದು ಮುಗಿಯುವ ಮೊದಲು ಬಾಕಿಯನ್ನು ಬರಹದಲ್ಲಿ ಒಪ್ಪಿಸಿಕೊಂಡರೆ ಆ ದಿನದಿಂದ ಮತ್ತೆ ಎಣಿಕೆ. ಲಾರಿ ರಸೀದಿ, ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡ. ‘ಮುಂದಿನ ವಾರ ಹಾಕುತ್ತೇನೆ’ ಎಂದು ಅವರು ಕಳುಹಿಸಿದ ಧ್ವನಿಸಂದೇಶವೂ ಇರಲಿ.

ಬ್ಯಾಂಕಿನ ಮೆಟ್ಟಿಲು ಹತ್ತಲು ನಿನಗೆ ನಾಚಿಕೆ ಎಂದು ನಿನ್ನ ಅಮ್ಮ ಹೇಳಿದರು. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ) ಪಟ್ಟಿಗೆ ಹೋಗುತ್ತದೆ. ಅದಕ್ಕೆ ಮೊದಲು ಹೋಗಿ ಕೂತು ಮಾತನಾಡಿದವನಿಗೂ ಆಮೇಲೆ ನೋಟೀಸು ಹಿಡಿದು ಹೋದವನಿಗೂ ಸಿಗುವ ಮರ್ಯಾದೆಯೇ ಬೇರೆ. ಕಂತಿನ ಅವಧಿ ಹಿಗ್ಗಿಸಿ ಎಂದು ಬರೆದುಕೊಡು. ಯಾರೋ ಒಂದೇ ಸಲಕ್ಕೆ ಕಡಿಮೆ ಕಟ್ಟಿ ತೀರಿಸಿಬಿಡು ಎಂದು ನಿನಗೆ ಹೇಳಿದ್ದಾರಂತೆ. ಬೇರೆ ದಾರಿಯೇ ಇಲ್ಲದಿದ್ದರೆ ಸರಿ. ಆದರೆ ಹಾಗೆ ತೀರಿಸಿದ ಸಾಲ ಸಾಲದ ಚರಿತ್ರೆ ಇಡುವ ಸಿಬಿಲ್ ದಾಖಲೆಯಲ್ಲಿ ಪೂರ್ತಿ ತೀರಿದ ಸಾಲದಂತೆ ಕಾಣುವುದಿಲ್ಲ. ಮತ್ತೊಮ್ಮೆ ಸಾಲ ಕೇಳುವ ದಿನ ಅದು ಎದ್ದು ನಿಲ್ಲುತ್ತದೆ. ನೀನು ಮತ್ತೆ ಕೇಳುವವನೇ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ?

ಮತ್ತೊಂದು. ಬೀಗ ಹಾಕಿದ ಮಾತ್ರಕ್ಕೆ ಖರ್ಚು ನಿಲ್ಲುವುದಿಲ್ಲ. ವಿದ್ಯುತ್ತಿನ ಸ್ಥಿರ ಶುಲ್ಕ ತಿಂಗಳು ತಿಂಗಳೂ ಬರುತ್ತದೆ, ಪಂಚಾಯತಿನ ಪರವಾನಗಿಯನ್ನು ನವೀಕರಿಸಬೇಕು ಇಲ್ಲವೇ ನಿಲ್ಲಿಸಲು ಬರೆದುಕೊಡಬೇಕು. ಮಲಯಾಳದಲ್ಲಿ ಬಂದ ಕಾಗದವನ್ನು ಓದಲು ಆಗುವುದಿಲ್ಲವೆಂದು ಕಿಟಕಿಯ ಸಂದಿಗೆ ತುರುಕಿ ಇಡುವ ನಿನ್ನ ಅಭ್ಯಾಸ ಬಿಡು. ಪಕ್ಕದ ಮನೆಯ ಹುಡುಗಿ ಮಲಯಾಳವನ್ನು ಚೆನ್ನಾಗಿ ಓದುತ್ತಾಳೆ, ಕೇಳಲು ಬಿಗುಮಾನ ಬೇಡ. ಕಾಗದ ನಮ್ಮ ಭಾಷೆಯಲ್ಲಿ ಬರಬೇಕೆಂಬ ಹೋರಾಟ ಬೇರೆ, ದಂಡ ಕಟ್ಟುವುದು ಬೇರೆ.

ಹಾಗಾದರೆ ಮುಂದೇನು ಎಂದು ಕೇಳುತ್ತೀಯ. ನನಗೆ ಕಾಣುವುದನ್ನು ಹೇಳುತ್ತೇನೆ, ತೀರ್ಮಾನ ನಿನ್ನದು. ಅಚ್ಚುಗಳೆಲ್ಲ ಬೇಡ. ಹೊರದೇಶಕ್ಕೆಂದೇ ಮಾಡಿಸಿದ ಚೌಕಾಕಾರದ ಅಚ್ಚುಗಳನ್ನು ಮಾರು, ಅದಕ್ಕೇ ಗಿರಾಕಿ ಇದ್ದಾನೆ ಎಂದದ್ದು. ಊಟದ ದೊಡ್ಡ ತಟ್ಟೆ ಮತ್ತು ಪಾಯಸದ ಬಟ್ಟಲು ಒತ್ತುವ ಎರಡು ಯಂತ್ರ ಇಟ್ಟುಕೋ. ಮೊದಲ ವರ್ಷ ಹಣ ಮುಂದಿಟ್ಟವರಿಗೆ ಮಾತ್ರ ಮಾಡು. ಬ್ರಹ್ಮಕಲಶ, ಜಾತ್ರೆ, ಮದುವೆ ಯಾವುದೇ ಇರಲಿ, ಅರ್ಧ ಮುಂಗಡ, ಉಳಿದರ್ಧ ಕಟ್ಟು ಇಳಿಸುವಾಗ. ಗಿರಾಕಿಗಳಲ್ಲಿ ಹೆಚ್ಚಿನವರು ಬಿಟ್ಟುಹೋಗುತ್ತಾರೆ, ಬಿಡಲಿ. ಉಳಿದವರಿಂದ ಹಾಳೆಯ ಹಣವೂ ಕೂಲಿಯೂ ಹುಟ್ಟದಿದ್ದರೆ ಆಗ ಮುಚ್ಚು, ನಾನೇ ಬಂದು ಬೀಗ ಹಾಕಿಸುತ್ತೇನೆ. ಆಲ್ಕಲಾಯ್ಡ್ ವಿಚಾರವನ್ನೂ ಹಗುರವಾಗಿ ತಳ್ಳಿಹಾಕಬೇಡ. ‘ನಮ್ಮ ಅಜ್ಜ ಹಾಳೆಯಲ್ಲೇ ಉಂಡವರು’ ಎಂಬುದು ಪರೀಕ್ಷಾ ವರದಿಯಾಗುವುದಿಲ್ಲ. ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ನಿನ್ನ ಮನೆಯಿಂದ ಒಂದೇ ಬಸ್ಸಿನ ದೂರದಲ್ಲಿದೆ, ಅಲ್ಲಿ ಹೋಗಿ ವಿಚಾರಿಸು.

ಅತ್ತಿಗೆಯ ಬಂಗಾರವನ್ನು ಮಾತ್ರ ಈ ಸಲ ಮುಟ್ಟಬೇಡ. ಉದ್ರಿ ಬಂದ ಮೊದಲ ಹಣದಲ್ಲಿ ಕರಿಮಣಿ ಸರ ಬಿಡಿಸು, ಬ್ಯಾಂಕಿನ ಕಂತು ಆಮೇಲೆ. ಲೆಕ್ಕ ಬರೆಯುವವನು ಹೇಳಬಾರದ ಮಾತು ಇದು, ಆದರೂ ಹೇಳುತ್ತೇನೆ. ಮನೆಯೊಳಗೆ ಒಬ್ಬರು ನಿನ್ನನ್ನು ನಂಬಿಕೊಂಡಿರಬೇಕು. ನಿನ್ನ ಹೊಸ ವ್ಯಾಪಾರಕ್ಕೆ ಮೊದಲು ಬೇಕಾಗುವ ಬಂಡವಾಳ ಅದೇ.

ಸೋಮವಾರ ಹತ್ತು ಗಂಟೆಯ ನಂತರ ಕಚೇರಿಗೆ ಬಾ. ಉದ್ರಿ ಪುಸ್ತಕ, ಬಿಳಿ ಚೀಟಿಗಳು, ಬ್ಯಾಂಕಿನ ಕಾಗದ, ಕಿಟಕಿಯ ಸಂದಿಯಲ್ಲಿರುವುದು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ತಾ, ಮನೆಯಲ್ಲಿ ಆರಿಸುತ್ತಾ ಕೂರಬೇಡ. ಮಧ್ಯಾಹ್ನದ ಊಟ ನಮ್ಮಲ್ಲೇ. ಅಮ್ಮನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಪ್ರೀತಿ.

ನಿನ್ನ ಗೆಳೆಯ