ದಿನಗೂಲಿ ಟೀಚರ್‌ಗಳ ಗಮನಕ್ಕೆ

ಟೀಚರ್‌ಗಳೇ, ಮಾಷ್ಟ್ರುಗಳೇ,

ಮಾರ್ಚ್ ಬಂತೆಂದರೆ ಕಾಸರಗೋಡಿನ ನಮಗೆಲ್ಲ ಒಂದೇ ಚಿಂತೆ. ಏಪ್ರಿಲ್, ಮೇ ಸಂಬಳ ಇಲ್ಲ. ಜೂನ್‌ನಲ್ಲಿ ಮತ್ತೆ ಸಂದರ್ಶನ. ಮೊನ್ನೆ ಕುಂಬಳೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮವರೇ ಒಬ್ಬ ಟೀಚರ್ ಸಿಕ್ಕಿದರು. ಸರ್ಟಿಫಿಕೇಟ್ ಫೈಲನ್ನು ಎದೆಗೊತ್ತಿ ಹಿಡಿದಿದ್ದರು. "ಮೂರು ವಾರದಿಂದ ಸರಿ ನಿದ್ದೆ ಇಲ್ಲ" ಎಂದರು. ಬೆರಳು ನಡುಗುತ್ತಿತ್ತು.

ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ ಮೈಯನ್ನು ಸದಾ ಬಿಗಿಯಾಗಿಡುತ್ತದೆ. ನಿದ್ದೆ, ಹಸಿವು ಎರಡೂ ಕೆಡುತ್ತವೆ. ಕೆಲಸ ಹೋಗುವುದಕ್ಕಿಂತ ಕಾಯುವುದೇ ಜಾಸ್ತಿ ಹಿಂಸೆ, ಅಲ್ವಾ? ಖಿನ್ನತೆ, ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸುಮ್ನೆ ಒಳಗೇ ಇಟ್ಟುಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಎಲ್ಲಾದರೂ ಹುದ್ದೆ ಖಾಲಿ ಇದೆಯೆಂದು ಗೊತ್ತಾದರೆ ಅದೇ ದಿನ ಇಲ್ಲಿ ಹಾಕಿ.