ಬಿಲ್ಲಿನಲ್ಲಿ ಐದು ಆಯಿಲ್ ಯಾಕೆ? ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ನಿಮ್ಮ ಸರ್ವಿಸ್ ಬಿಲ್ ಉದ್ದವಾಗಿದೆ. ಮೊತ್ತವೂ ಜಾಸ್ತಿಯಾಗಿದೆ. ಕೌಂಟರಿನಲ್ಲಿ ನಿಂತು ಕೇಳಿದವರಿಗೆಲ್ಲ ಕಾರಣ ಹೇಳಿದ್ದೇವೆ. ಆದರೆ ಕೆಲವರು ಏನೂ ಕೇಳದೆ, ಬೇಸರ ಇಟ್ಟುಕೊಂಡೇ ಹೋಗಿದ್ದಾರೆ. ಮುಖ್ಯವಾಗಿ ಅವರಿಗಾಗಿ ಈ ಪತ್ರ.

ಬದಲಾಗಿರುವುದು ಇಷ್ಟು. ಗೇರ್ ಆಯಿಲನ್ನು ಇನ್ನು ದೊಡ್ಡ ಡ್ರಮ್ಮಿನಿಂದ ಅಳೆದು ಹಾಕುವುದಿಲ್ಲ. ಇಂಜಿನ್, ಗೇರ್‌ಬಾಕ್ಸ್, ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಆಕ್ಸಲ್‌ನಲ್ಲಿ ಕೂತು ಎಡ, ಬಲ ಚಕ್ರಗಳನ್ನು ತಿರುಗಿಸುವ ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್, ಈ ಐದಕ್ಕೂ ಗಾಡಿಯ ಪುಸ್ತಕದಲ್ಲಿ ಹೇಳಿರುವ ಆಯಿಲನ್ನೇ ಸೀಲ್ ಇರುವ ಡಬ್ಬದಿಂದ, ನಿಮ್ಮ ಎದುರೇ ತೆರೆದು ಹಾಕುತ್ತೇವೆ. ನೀವೇ ಆಯಿಲ್ ತಂದುಕೊಟ್ಟರೂ ಸಂತೋಷ. ಆದರೆ ಅದು ಪುಸ್ತಕಕ್ಕೆ ಹೊಂದದಿದ್ದರೆ ಹಾಕುವುದಿಲ್ಲ. ಈ ಕೊನೆಯ ಮಾತು ಕೆಲವರಿಗೆ ಒರಟಾಗಿ ಕೇಳಿಸಿದೆ. ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ. ನಿಯಮ ಮಾತ್ರ ಹಾಗೇ ಇರುತ್ತದೆ.

ಡ್ರಮ್ಮಿನಲ್ಲಿದ್ದದ್ದೂ ಒಳ್ಳೆಯ ಆಯಿಲೇ. ಆಗ ನಮ್ಮಲ್ಲಿ ಬರುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ ಜಾತಿಯ ಗಾಡಿಗಳು. ಒಂದು ಗೇರ್ ಆಯಿಲ್ ಎಲ್ಲಕ್ಕೂ ಹೊಂದುತ್ತಿತ್ತು. ಈಗ ಬರುವ ಗಾಡಿಗಳು ಹಾಗಿಲ್ಲ. ಹಳೇ ಲ್ಯಾಂಡ್ ರೋವರ್ ಡಿಫೆಂಡರನ್ನೇ ನೋಡಿ. ಎಲ್‌ಟಿ77 ಅನ್ನುವ ಅದರ ಐದು ಗೇರಿನ ಬಾಕ್ಸ್‌ಗೆ ಬೇಕಾದದ್ದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗಾಡಿಗಳಿಗೆ ಹಾಕುವ ತೆಳ್ಳನೆಯ ಕೆಂಪು ಆಯಿಲ್. ಗೇರ್ ಹಾಕುವುದು ಕೈಯಲ್ಲೇ ಆದರೂ ಬಾಕ್ಸ್ ಕೇಳುವುದು ಅದನ್ನೇ. ಅದರ ಬೆನ್ನಿಗೇ ಕೂತಿರುವ ಎಲ್‌ಟಿ230 ಟ್ರಾನ್ಸ್‌ಫರ್ ಕೇಸ್‌ಗೆ ಮಾತ್ರ ಇಪಿ90 ಅನ್ನುವ ದಪ್ಪನೆಯ ಗೇರ್ ಆಯಿಲ್. ಇನ್ನೂ ಹಳೆಯ ರೇಂಜ್ ರೋವರಿನ ನಾಲ್ಕು ಗೇರಿನ ಬಾಕ್ಸ್‌ಗೆ ಕಂಪನಿ ಹೇಳಿದ್ದು 20ಡಬ್ಲ್ಯೂ-50 ಇಂಜಿನ್ ಆಯಿಲ್. ಇಂಥ ಗಾಡಿಗಳು ಸಾಲಾಗಿ ನಿಂತಿರುವಾಗ ಎಲ್ಲಕ್ಕೂ ಒಂದೇ ಡ್ರಮ್ಮಿನಿಂದ ಸುರಿಯುವುದು ನಮ್ಮಿಂದಾಗದ ಕೆಲಸ.

ಈಗ ನಾವು ಪದೇ ಪದೇ ಕೇಳುತ್ತಿರುವ ಆಕ್ಷೇಪಕ್ಕೆ ಬರೋಣ. ಗೇರ್ ಆಯಿಲಿನ ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಅಂತ ಅದರ ದರ್ಜೆ ಬರೆದಿರುತ್ತದೆ. "ಜಿಎಲ್-5 ಅನ್ನೋದು ಜಿಎಲ್-4ಕ್ಕಿಂತ ಮೇಲಿನದು. ನಾನು ದುಡ್ಡು ಕೊಟ್ಟು ಮೇಲಿನದನ್ನೇ ತಂದಿದ್ದೀನಿ. ನೀವು ಗೇರ್‌ಬಾಕ್ಸ್‌ಗೆ ಅದನ್ನು ಬಿಟ್ಟು ಕೆಳಗಿನದನ್ನು ಹಾಕಿ, ಅದಕ್ಕೇ ಜಾಸ್ತಿ ಬಿಲ್ ಮಾಡ್ತೀರಲ್ಲ?" ಈ ಮಾತು ಎಷ್ಟು ಜನರ ಬಾಯಲ್ಲಿ ಬಂದಿದೆಯೆಂದರೆ, ಇದಕ್ಕೆ ಸಮಾಧಾನವಾಗಿ, ಪೂರ್ತಿಯಾಗಿ ಉತ್ತರ ಕೊಡಲೇಬೇಕು.

ನಂಬರ್ ದೊಡ್ಡದು ನಿಜ. ಆದರೆ ಚಪ್ಪಲಿಯ ನಂಬರಿನ ಹಾಗೆ, ದೊಡ್ಡದಾದ ಮಾತ್ರಕ್ಕೆ ಅದು ನಿಮ್ಮ ಕಾಲಿಗೆ ಒಳ್ಳೆಯದಲ್ಲ. ಜಿಎಲ್-5 ಮುಖ್ಯವಾಗಿ ಇರುವುದು ಡಿಫರೆನ್ಷಿಯಲ್‌ಗೆ. ಅಲ್ಲಿ ಕ್ರೌನ್ ಮತ್ತು ಪಿನಿಯನ್ ಅನ್ನುವ ಎರಡು ಗೇರ್‌ಗಳು ಒಂದೇ ನೇರದಲ್ಲಿ ಸೇರುವುದಿಲ್ಲ. ಪಿನಿಯನ್ ಸ್ವಲ್ಪ ಕೆಳಗೋ ಮೇಲೋ ಇರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ, ಅದೂ ಭಾರೀ ಒತ್ತಡದಲ್ಲಿ. ಆ ಒತ್ತಡಕ್ಕೆ ಆಯಿಲಿನ ಪದರ ಹಿಂಡಿಹೋಗುತ್ತದೆ. ಆಗ ಉಕ್ಕಿಗೆ ಉಕ್ಕು ತಾಗದ ಹಾಗೆ ಕಾಯುವುದಕ್ಕೆ ಗಂಧಕ ಮತ್ತು ರಂಜಕ ಸೇರಿಸಿರುತ್ತಾರೆ. ಹಲ್ಲು ಬಿಸಿಯಾದ ಜಾಗದಲ್ಲಿ ಅವು ಉಕ್ಕಿನ ಜೊತೆ ಸೇರಿ ತೆಳ್ಳನೆಯ ಪದರ ಕಟ್ಟುತ್ತವೆ. ಜಿಎಲ್-5ರಲ್ಲಿ ಇವುಗಳ ಪ್ರಮಾಣ ಜಿಎಲ್-4ರ ಸುಮಾರು ಎರಡರಷ್ಟು. ಡಿಫರೆನ್ಷಿಯಲ್‌ಗೆ ಅದು ಬೇಕೇ ಬೇಕು.

ಗೇರ್‌ಬಾಕ್ಸಿನ ಒಳಗಿನ ಕಥೆ ಬೇರೆ. ಅಲ್ಲಿ ಸಿಂಕ್ರೋ ರಿಂಗ್ ಇದೆ. ಹಳೇ ಬಾಕ್ಸ್‌ಗಳಲ್ಲಿ ಹೆಚ್ಚಾಗಿ ಹಿತ್ತಾಳೆಯದು. ನೀವು ಲಿವರ್ ತಳ್ಳಿದಾಗ ಈ ರಿಂಗ್ ಗೇರಿನ ಉಕ್ಕಿನ ಕೋನ್ (ಶಂಕುವಿನಾಕಾರದ ಭಾಗ) ಹಿಡಿದು, ಎರಡರ ವೇಗವನ್ನೂ ಒಂದು ಮಾಡುತ್ತದೆ. ಆಮೇಲೇ ಗೇರ್ ಬೀಳುವುದು. ಹಿಡಿಯಬೇಕಾದರೆ ಅಲ್ಲಿ ಉಜ್ಜಾಟ ಇರಲೇಬೇಕು, ಅಲ್ವಾ? ಆಯಿಲ್ ಅಲ್ಲಿ ತೀರಾ ಜಾರಿದರೆ ರಿಂಗ್ ಹಿಡಿಯುವುದಿಲ್ಲ, ಗೇರ್ ಕರ್ ಅನ್ನುತ್ತದೆ. ಇದು ಮೊದಲನೇ ತೊಂದರೆ. ಎರಡನೆಯದು ಗಂಧಕದ್ದು. ಹಿತ್ತಾಳೆಯಲ್ಲಿ ತಾಮ್ರ ಇದೆ. ಬಿಸಿಯಲ್ಲಿ ಗಂಧಕ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ಈಚಿನ ಕೆಲವು ಜಿಎಲ್-5 ಆಯಿಲ್‌ಗಳಲ್ಲಿ ಈ ಎರಡನೇ ತೊಂದರೆ ಕಡಿಮೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಜಾರುವ ತೊಂದರೆ ಹೋಗಿಲ್ಲ.

ಹೀಗೆ ಸವೆದ ಬಾಕ್ಸಿನ ಡ್ರೇನ್ ಪ್ಲಗ್ ಬಿಚ್ಚಿದಾಗ ಬಂದು ನೋಡಿ. ಟ್ರೇ ಮೇಲೆ ಲೈಟ್ ಹಿಡಿದರೆ ಆಯಿಲ್ ತುಂಬ ಚಿನ್ನದ ಪುಡಿ ಕದಡಿದ ಹಾಗೆ ಮಿನುಗುತ್ತದೆ. ಅದು ನಿಮ್ಮ ಸಿಂಕ್ರೋ ರಿಂಗು. ಪ್ಲಗ್‌ನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಮೆತ್ತಿಕೊಂಡಿದ್ದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಉಕ್ಕಿನ ಸಹಜ ಸವೆತ. ಹಿತ್ತಾಳೆಯನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅದು ಆಯಿಲಿನಲ್ಲೇ ತೇಲುತ್ತಾ ಬೇರಿಂಗ್‌ಗಳ ನಡುವೆ ಸುತ್ತುತ್ತಿರುತ್ತದೆ. ಹಳೇ ಬಾಕ್ಸಿನ ರಿಂಗ್ ಹುಡುಕುವುದು ಎಂಥ ಕಷ್ಟ ಅಂತ ಒಮ್ಮೆ ಹುಡುಕಿದವರಿಗೆ ಗೊತ್ತು. ಆ ಕಷ್ಟ ನಿಮಗೆ ಬರುವುದು ನಮಗೆ ಇಷ್ಟವಿಲ್ಲ.

"ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎರಡೂ ಬರೆದಿದೆಯಲ್ಲ" ಅನ್ನುವವರೂ ಇದ್ದಾರೆ. ಸಾಮಾನ್ಯವಾಗಿ ಅಂಥದ್ದರಲ್ಲಿ ಇರುವುದು ಜಿಎಲ್-5ರಷ್ಟೇ ಗಂಧಕ, ರಂಜಕ. ಇನ್ನು ಕೆಲವರು ಎಂಟಿ-1 ಅಂತ ಬರೆದದ್ದನ್ನು ನೋಡಿ, ಮ್ಯಾನುವಲ್ ಗೇರ್‌ಬಾಕ್ಸ್‌ಗೇ ಮಾಡಿದ್ದು ಅಂದುಕೊಂಡು ತರುತ್ತಾರೆ. ಎಂಟಿ-1 ಇರುವುದು ಸಿಂಕ್ರೋ ಇಲ್ಲದ ದೊಡ್ಡ ಲಾರಿ, ಬಸ್ಸುಗಳ ಬಾಕ್ಸ್‌ಗೆ. ಹಾಗಂತ ಜಿಎಲ್-5 ಮೇಲೆ ನಮಗೇನೂ ಹಟವಿಲ್ಲ. ನಿಮ್ಮ ಗಾಡಿಯ ಪುಸ್ತಕವೇ ಗೇರ್‌ಬಾಕ್ಸ್‌ಗೆ ಜಿಎಲ್-5 ಹೇಳಿದ್ದರೆ ಅದನ್ನೇ ಹಾಕುತ್ತೇವೆ. ಅಂಥ ಬಾಕ್ಸ್‌ಗಳೂ ಇವೆ.

ಈಗಾಗಲೇ ಬೇರೆ ಕಡೆ ಜಿಎಲ್-5 ಹಾಕಿಸಿಕೊಂಡವರು ಹೆದರಬೇಡಿ. ಗಾಡಿ ಓಡಿಸಿಕೊಂಡು ಬನ್ನಿ, ಬಿಸಿ ಇರುವಾಗಲೇ ಇಳಿಸಿ ಸರಿಯಾದದ್ದನ್ನು ಹಾಕುತ್ತೇವೆ. ಸವೆದ ರಿಂಗ್ ಮತ್ತೆ ಬೆಳೆಯುವುದಿಲ್ಲ. ಆದರೆ ರಿಂಗ್‌ನಲ್ಲಿ ಇನ್ನೂ ಜೀವ ಇದ್ದರೆ ಎಷ್ಟೋ ಸಲ ಗೇರ್ ಬೀಳುವುದು ಮೆತ್ತಗಾಗುತ್ತದೆ.

ಇನ್ನು ದುಡ್ಡಿನ ಮಾತು. ಈ ಬದಲಾವಣೆಯಿಂದ ನಾವು ಜೇಬು ತುಂಬಿಸಿಕೊಳ್ಳುತ್ತಿದ್ದೇವೆ ಅಂತ ಒಬ್ಬರು ನಮ್ಮ ಹುಡುಗರ ಮುಂದೆಯೇ ಹೇಳಿದರು. ತುಂಬಾ ಬೇಜಾರಾಯಿತು. ಡ್ರಮ್ಮಿನ ಆಯಿಲಿಗೂ ಒಂದು ಲೀಟರಿನ ಡಬ್ಬಕ್ಕೂ ಲೀಟರ್ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಅಂತ ಕೊಂಡವರಿಗೆ ಗೊತ್ತು. ಜಿಎಲ್-4 ಎಲ್ಲ ಅಂಗಡಿಯಲ್ಲೂ ಸಿಗುವ ಮಾಲಲ್ಲ. ತರಿಸಬೇಕಾದರೆ ಸರಬರಾಜುದಾರರು ಪೆಟ್ಟಿಗೆಗಟ್ಟಲೆ ತೆಗೆದುಕೊಳ್ಳಿ ಅನ್ನುತ್ತಾರೆ. ದುಡ್ಡು ಮೊದಲೇ ಕೊಡಬೇಕು. ಮಾಲು ಖಾಲಿಯಾಗುವುದು ನಿಧಾನ. ಅಷ್ಟು ದಿನ ನಮ್ಮ ದುಡ್ಡು ಶೆಲ್ಫಿನ ಮೇಲೆ ಕೂತಿರುತ್ತದೆ. ಬಾಕ್ಸ್ ಹಿಡಿಯುವುದು ಎರಡು ಚಿಲ್ಲರೆ ಲೀಟರ್ ಆದರೆ ಮೂರನೇ ಡಬ್ಬ ಒಡೆಯಲೇಬೇಕು. ಉಳಿದದ್ದನ್ನು ನಾವು ಇಟ್ಟುಕೊಳ್ಳುವುದಿಲ್ಲ. ಮುಚ್ಚಳ ಬಿಗಿದು, ಯಾವುದಕ್ಕೆ ಹಾಕಿದ್ದು ಅಂತ ಚೀಟಿ ಅಂಟಿಸಿ ನಿಮ್ಮ ಗಾಡಿಯಲ್ಲೇ ಇಡುತ್ತೇವೆ. ದಾರಿಯಲ್ಲಿ ಮಟ್ಟ ಇಳಿದರೆ ಅದೇ ಆಯಿಲ್ ನಿಮ್ಮ ಕೈಯಲ್ಲಿರುತ್ತದೆ.

ಕೆಲಸವೂ ಹೆಚ್ಚಿದೆ. ಪ್ರತಿಯೊಂದಕ್ಕೂ ಬೇರೆ ಪಂಪು, ಬೇರೆ ಟ್ರೇ. ಪ್ಲಗ್‌ಗೆ ವಾಷರ್ ಇದ್ದ ಕಡೆಯೆಲ್ಲ ಹೊಸ ವಾಷರ್. ನಮ್ಮಲ್ಲಿ ಮೊದಲು ಬಿಚ್ಚುವುದು ಆಯಿಲ್ ತುಂಬುವ ಪ್ಲಗ್, ಡ್ರೇನ್ ಪ್ಲಗ್ ಆಮೇಲೆ. ಹಳೇ ಗಾಡಿಯಲ್ಲಿ ಮೇಲಿನ ಪ್ಲಗ್ ಕಚ್ಚಿಕೊಂಡಿದ್ದರೆ, ಆಯಿಲ್ ಇಳಿಸಿಯಾದ ಮೇಲೆ ತುಂಬುವುದು ಎಲ್ಲಿಂದ? ಆ ಒಂದು ಪ್ಲಗ್ ಬಿಚ್ಚುವುದಕ್ಕೇ ಎಷ್ಟೋ ಸಲ ಅರ್ಧ ಬೆಳಗು ಹೋಗುತ್ತದೆ. ಬ್ರೀದರ್, ಅಂದರೆ ಒಳಗೆ ಹೊರಗೆ ಗಾಳಿ ಆಡಲು ಇರುವ ಸಣ್ಣ ಕಿಂಡಿ, ಕಟ್ಟಿಕೊಂಡಿದೆಯಾ ಅಂತಲೂ ನೋಡುತ್ತೇವೆ. ಬಿಸಿಯಾದ ಆಕ್ಸಲ್ ಹೊಳೆಯ ನೀರಿಗಿಳಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಬ್ರೀದರ್‌ನಿಂದ ಗಾಳಿ ಬರದಿದ್ದರೆ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಕಾರಣ ನೀರು. ಈ ನೋಡುವ ಕೆಲಸಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಹಾಕಿಲ್ಲ, ಗಮನಿಸಿ.

ಬೇರೆ ಬೇರೆ ಆಯಿಲ್ ಹಾಕುವುದರಿಂದ ಇನ್ನೊಂದು ಲಾಭವಿದೆ. ಗೇರ್‌ಬಾಕ್ಸಿನ ಮಟ್ಟ ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ ಅಂತ ಕೆಲವರು ಬರುತ್ತಾರೆ. ಎಲ್‌ಟಿ77, ಎಲ್‌ಟಿ230 ಜೋಡಿಯಲ್ಲಿ ಎರಡರ ನಡುವಿನ ಸೀಲ್ ಹೋಗಿದ್ದರೆ ಆಯಿಲ್ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಟ್ರಾನ್ಸ್‌ಫರ್ ಕೇಸಿನ ಪ್ಲಗ್ ಬಿಚ್ಚಿದಾಗ ಕಂದು ಆಯಿಲಿನ ಜೊತೆ ಕೆಂಪು ಬಂದರೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಎರಡಕ್ಕೂ ಒಂದೇ ಆಯಿಲ್ ಇದ್ದರೆ ಈ ಸುಳಿವು ಸಿಗುವುದಿಲ್ಲ.

ಇಂಜಿನ್ ಆಯಿಲ್ ವಿಷಯದಲ್ಲಿ ಚಿಕ್ಕದಾಗಿ ಹೇಳುತ್ತೇವೆ. ಹೊಸ ಕಾರಿಗೆ ಹಾಕುವ ತೆಳ್ಳನೆಯ 0ಡಬ್ಲ್ಯೂ-20, 5ಡಬ್ಲ್ಯೂ-30 ಸಿಂಥೆಟಿಕ್ ಆಯಿಲನ್ನು ಹಳೇ ಡೀಸೆಲ್ ಗಾಡಿಗೆ ಕೇಳಬೇಡಿ. ಆ ಇಂಜಿನ್ನಿನ ಬೇರಿಂಗ್ ಸಂದುಗಳು ಲೆಕ್ಕ ಹಾಕಿರುವುದು ದಪ್ಪ ಆಯಿಲಿಗೆ. ಹೆಚ್ಚಿನವಕ್ಕೆ ನಾವು ಹಾಕುವುದು ಸಿಐ-4 ಅಥವಾ ಸಿಕೆ-4 ದರ್ಜೆಯ 15ಡಬ್ಲ್ಯೂ-40. ಎಫ್‌ಎ-4 ಅಂತ ಬರೆದ ಡಬ್ಬ ಮಾತ್ರ ಬೇಡವೇ ಬೇಡ, ಅದು ಈಚಿನ ಇಂಜಿನ್‌ಗಳಿಗೆಂದೇ ಮಾಡಿದ ತೆಳ್ಳನೆಯ ಆಯಿಲ್. ಹಾಗಂತ ಸುಮ್ನೆ ದಪ್ಪ ಮಾಡುವುದೂ ಸರಿಯಲ್ಲ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಿನವರೆಗೆ ತಲುಪುವುದು ತಡವಾಗುತ್ತದೆ. ಡೀಸೆಲ್ ಇಂಜಿನ್ನಿನ ಹೊಸ ಆಯಿಲ್ ಬೇಗ ಕಪ್ಪಾದರೆ ಮೋಸ ಹೋದೆವು ಅಂತ ತಿಳಿಯಬೇಡಿ. ಮಸಿಯನ್ನು ಕೂರಲು ಬಿಡದೆ ತನ್ನಲ್ಲೇ ಇಟ್ಟುಕೊಳ್ಳುವುದು ಆ ಆಯಿಲಿನ ಕೆಲಸ.

ಗೇರ್ ಆಯಿಲಿಗೆ 90, ಇಂಜಿನ್ ಆಯಿಲಿಗೆ 40, ಅಂದರೆ ಎರಡು ಪಟ್ಟು ದಪ್ಪವೇ ಅಂತ ಕೇಳುತ್ತಾರೆ. ಅಲ್ಲ. ಎರಡರ ಅಳತೆಯ ಪಟ್ಟಿಯೇ ಬೇರೆ. ಬಿಸಿಯಾದಾಗ 90ರ ಗೇರ್ ಆಯಿಲ್ ಸುಮಾರು 40, 50ರ ಇಂಜಿನ್ ಆಯಿಲಿನಷ್ಟೇ ದಪ್ಪ. ರೇಂಜ್ ರೋವರ್ ಬಾಕ್ಸ್‌ಗೆ ಇಂಜಿನ್ ಆಯಿಲ್ ಯಾಕೆ ಅಂತ ಆಶ್ಚರ್ಯಪಟ್ಟವರಿಗೆ ಇದೇ ಉತ್ತರ.

ಕೆಲವರ ಗಾಡಿ ಆಯಿಲ್ ಬರುವವರೆಗೆ ನಮ್ಮ ಅಂಗಳದಲ್ಲೇ ನಿಲ್ಲಬೇಕಾಯಿತು. ನಿಮ್ಮ ಕೆಲಸ ಕೆಟ್ಟಿದ್ದಕ್ಕೆ ನಿಜವಾಗಿಯೂ ಕ್ಷಮೆ ಕೇಳುತ್ತೇವೆ. ಇನ್ನು ಮುಂದೆ ಬರುವ ಮೊದಲು ಒಂದು ಫೋನ್ ಮಾಡಿ, ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ. ಆಯಿಲ್ ತರಿಸಿಟ್ಟುಕೊಂಡೇ ನಿಮ್ಮನ್ನು ಕರೆಯುತ್ತೇವೆ. ಪುಸ್ತಕ ಕಳೆದುಹೋಗಿದ್ದರೂ ಚಿಂತೆಯಿಲ್ಲ, ಬಾಕ್ಸಿನ ಮೇಲಿನ ನಂಬರ್ ನೋಡಿ ಗುರುತಿಸುತ್ತೇವೆ. ಹಿಂದಿನ ಮಾಲೀಕರು ಬಾಕ್ಸನ್ನೇ ಬದಲಿಸಿದ್ದರೆ ಅದನ್ನೂ ತಿಳಿಸಿ, ಯಾಕೆಂದರೆ ಪುಸ್ತಕದ ಮಾತು ಆ ಬಾಕ್ಸ್‌ಗೆ ಸಲ್ಲುವುದಿಲ್ಲ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದೇ ಚಕ್ರ ಸುಮ್ಮನೆ ತಿರುಗುವುದನ್ನು ತಡೆಯುವ ಡಿಫರೆನ್ಷಿಯಲ್, ಇರುವವರು ಮರೆಯದೆ ಹೇಳಿ, ಅದರ ಆಯಿಲ್ ಬೇರೆ.

ಆಯಿಲ್ ಬದಲಿಸಿ ಒಂದಿಷ್ಟು ದಿನ ಓಡಿಸಿದ ಮೇಲೆ ಒಮ್ಮೆ ಬನ್ನಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಐದೂ ಕಡೆ ಮಟ್ಟ ನೋಡಿ ಕಳುಹಿಸುತ್ತೇವೆ. ಅದಕ್ಕೆ ದುಡ್ಡಿಲ್ಲ. ಬಿಲ್ಲಿನ ಯಾವ ಸಾಲಿನ ಬಗ್ಗೆ ಸಂಶಯವಿದ್ದರೂ ಆ ದಿನವೇ ಕೇಳಿ, ಖಾಲಿ ಡಬ್ಬಗಳನ್ನು ನಿಮಗೆ ತೋರಿಸುವುದಕ್ಕೆಂದೇ ತೆಗೆದಿಟ್ಟಿರುತ್ತೇವೆ.

ಇಂತಿ ನಿಮ್ಮ,
ವರ್ಕ್‌ಶಾಪಿನ ಎಲ್ಲರ ಪರವಾಗಿ